ಬೀಡಿ ಮುಟ್ಟದ ಅತ್ತೆಗೆ ಈ ದಮ್ಮು ಎಲ್ಲಿಂದ?

ಬೀಡಿ ಸೇದದ ಅತ್ತೆಯವರಿಗೆ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಹೇಗೆ ಬಂತೆಂದು ಕೇಳಿದ್ದೀರಿ. 40 ವರ್ಷ ಸೌದೆ ಒಲೆ ಊದಿದ್ದಾರೆಂದು ನೀವೇ ಬರೆದಿದ್ದೀರಲ್ಲ, ಕಾರಣ ಬಹುಮಟ್ಟಿಗೆ ಅಲ್ಲೇ ಇದೆ. ಹೊಗೆಯ ದಪ್ಪ ಕಣಗಳು ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತವೆ, 2.5 ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ಆಳಕ್ಕಿಳಿದು, ವರ್ಷಗಟ್ಟಲೆ ಉರಿಯೂತ ಎಬ್ಬಿಸಿ, ಗಾಳಿಕೊಳವೆಗಳನ್ನು ಕಿರಿದಾಗಿಸುತ್ತವೆ. ಹೃದಯವನ್ನೂ ಕಾಡುವುದುಂಟು. ಆದ ಹಾನಿ ಪೂರ್ತಿ ವಾಸಿಯಾಗದು, ಆದರೆ ಇನ್ಹೇಲರ್‌ನಿಂದ ಉಸಿರಾಟ ಹಗುರಾಗುತ್ತದೆ. ಅದು ಚಟವಾಗುತ್ತದೆಂಬ ನೆರೆಮನೆಯವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಗ್ಯಾಸ್ ಬಂದಮೇಲೂ ಬಚ್ಚಲ ಹಂಡೆ ಒಲೆಗೆ ತೆಂಗಿನ ಗರಿ ತುರುಕುವವರು ಅತ್ತೆಯವರೇ ತಾನೆ? ಮೊದಲು ಅದನ್ನು ತಪ್ಪಿಸಿ. ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಕಫದ ಬಣ್ಣ ತಿರುಗಿ ದಮ್ಮು ಹೆಚ್ಚಿದರೆ ಕಷಾಯ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.