ಚಕ್ರ ಜಾರಿದಾಗ ಚಾಲಕನ ಕರ್ತವ್ಯ

ನಾಸಿಕ ಜಿಲ್ಲೆಯ ಪಿಂಪಳಗಾಂವ್ ಬಸವಂತ್ ಈರುಳ್ಳಿ ಮಾರುಕಟ್ಟೆಗೆ ಹೆಸರಾದ ಊರು. ಮುಂಬಯಿ-ಆಗ್ರಾ ಹೆದ್ದಾರಿಯ ಮೇಲಿದೆ. ಹೊಲದ ಎರೆಮಣ್ಣು ಗಾಡಿಗಳ ಚಕ್ರಕ್ಕಂಟಿ ಡಾಂಬರು ರಸ್ತೆಗೆ ಬಂದು, ಮಳೆಗೆ ನೆನೆದರೆ ಟೈರುಗಳು ಹಿಡಿತ ಕಳೆದುಕೊಳ್ಳುತ್ತವೆ.

ಟೈರಿನ ಹಿಡಿತಕ್ಕೆ ಮಿತಿಯುಂಟು. ಆಕ್ಸಿಲರೇಟರನ್ನು ಅತಿಯಾಗಿ ಒತ್ತಿದುದರಿಂದ ಚಕ್ರವು ಹಿಡಿತವಿಲ್ಲದೆ ಗಿರನೆ ಸುತ್ತಿದರೆ, ಪಕ್ಕಕ್ಕೆ ಜಾರದಂತೆ ತಡೆಯುವ ಅದರ ಶಕ್ತಿಯೂ ಕುಂದುತ್ತದೆ. 1983ರಲ್ಲಿ ಬಂದ ಮಾರುತಿ 800ರಂತೆ ಎಂಜಿನ್ನಿನ ಬಲವು ಮುಂಚಕ್ರಗಳಿಗೆ ಸಲ್ಲುವ ಕಾರು ಆಗ ಸ್ಟೀರಿಂಗಿಗೆ ಮಣಿಯದೆ, ತಿರುವಿನಲ್ಲಿಯೂ ನೇರವಾಗಿ ಸಾಗುತ್ತದೆ. ಅಂಬಾಸಿಡರ್‌ನಂತೆ ಹಿಂಚಕ್ರಗಳಿಗೆ ಬಲ ಸಲ್ಲುವ ಕಾರಾದರೆ, ಹಿಂಭಾಗವು ಹೊರಕ್ಕೆ ಜಾರಿ ಅಡ್ಡವಾಗುತ್ತದೆ.

ಎರಡರಲ್ಲಿಯೂ ಆಕ್ಸಿಲರೇಟರಿನ ಮೇಲಿನ ಕಾಲನ್ನು ಮೆಲ್ಲನೆ ಸಡಿಲಿಸಬೇಕು. ಥಟ್ಟನೆ ಬ್ರೇಕ್ ಒತ್ತಬಾರದು. ಮೊದಲನೆಯದರಲ್ಲಿ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಬಾರದು. ಎರಡನೆಯದರಲ್ಲಿ ಹಿಂಭಾಗ ಜಾರುವ ದಿಕ್ಕಿಗೇ ಹದವಾಗಿ ತಿರುಗಿಸಬೇಕು. ತಿರುವಿಗೆ ಮುನ್ನವೇ ವೇಗ ತಗ್ಗಿಸುವುದು ಎಲ್ಲಕ್ಕಿಂತ ಕ್ಷೇಮ.