ಯೋನನ ಸಿಟ್ಟು, ದೇವರ ಪ್ರೀತಿ

ವಿದ್ಯಾರ್ಥಿಗಳೇ, ಯೋನನ ಕಥೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ದೊಡ್ಡ ಮೀನು. ಆದರೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ನಾಲ್ಕೇ ಅಧ್ಯಾಯಗಳ ಈ ಪುಟ್ಟ ಪುಸ್ತಕದಲ್ಲಿ ಮೀನಿನ ಪ್ರಸ್ತಾಪ ಬರುವುದು ಮೂರು ವಚನಗಳಲ್ಲಿ ಮಾತ್ರ. ಉಳಿದುದರಲ್ಲಿ ಹೆಚ್ಚಿನದು ದೇವರಿಗೂ ಆತನ ಪ್ರವಾದಿಗೂ ನಡೆದ ಜಗಳ.

ನಿನೆವೆ ಅಸ್ಸೀರಿಯದ ದೊಡ್ಡ ನಗರ. ಇಂದಿನ ಇರಾಕಿನ ಮೋಸುಲ್‌ನಲ್ಲಿ, ಟೈಗ್ರಿಸ್ ನದಿಯ ಪೂರ್ವ ದಂಡೆಯ ಮೇಲೆ ಅದರ ಅವಶೇಷಗಳಿವೆ. ಸೋತವರಿಗೆ ಕೊಟ್ಟ ಹಿಂಸೆಯನ್ನು ಅಸ್ಸೀರಿಯದ ಅರಸರು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಅಂಥ ಫಲಕಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲಿನ ಉತ್ತರ ರಾಜ್ಯವನ್ನು ಅಳಿಸಿದವರೂ ಇವರೇ. ಇಂಥ ಊರಿಗೆ ಹೋಗಿ ಎಚ್ಚರಿಕೆ ಕೊಡು ಎಂದು ದೇವರು ಯೋನನಿಗೆ ಹೇಳಿದರು. ಯೋನ ಯೊಪ್ಪ ಬಂದರಿಗೆ ಹೋಗಿ, ಕೈಯಿಂದ ಹಣ ಕೊಟ್ಟು, ಬೇರೆಯೇ ದಿಕ್ಕಿನ ತಾರ್ಷೀಷಿಗೆ ಹೊರಟಿದ್ದ ಹಡಗನ್ನು ಹತ್ತಿದ.

ನಡುಸಮುದ್ರದಲ್ಲಿ ಬಿರುಗಾಳಿ ಎದ್ದಿತು. ನಾವಿಕರು ತಂತಮ್ಮ ದೇವರುಗಳನ್ನು ಕೂಗಿಕೊಂಡರು, ಸರಕನ್ನು ನೀರಿಗೆಸೆದರು. ಯೋನ ಮಾತ್ರ ಕೆಳಗೆ ಮಲಗಿ ನಿದ್ರಿಸುತ್ತಿದ್ದ! ಎಬ್ಬಿಸಿ ಕೇಳಿದಾಗ, ಕಡಲನ್ನೂ ನೆಲವನ್ನೂ ಉಂಟುಮಾಡಿದ ದೇವರ ಭಕ್ತ ತಾನು ಎಂದ. ಕಡಲನ್ನು ಉಂಟುಮಾಡಿದವನಿಂದ ಕಡಲಿನ ಮೇಲೆಯೇ ತಪ್ಪಿಸಿಕೊಂಡು ಹೋಗುತ್ತಿದ್ದವನ ಬಾಯಲ್ಲಿ ಈ ಮಾತು. ತನ್ನನ್ನು ನೀರಿಗೆ ಹಾಕಿರಿ ಎಂದು ಅವನೇ ಹೇಳಿದರೂ ನಾವಿಕರು ಒಪ್ಪದೆ ದಡ ಸೇರಲು ಹುಟ್ಟುಹಾಕಿ ಹೆಣಗಿದರು. ಬೇರೆ ದಾರಿ ಕಾಣದೆ ಅವನನ್ನು ಎಸೆದಾಗ ಕಡಲು ಶಾಂತವಾಯಿತು, ಅವರು ಬಲಿ ಅರ್ಪಿಸಿ ಹರಕೆ ಹೊತ್ತರು. ಈ ಪುಸ್ತಕದಲ್ಲಿ ಮೊದಲು ಆರಾಧನೆ ಸಲ್ಲಿಸುವವರು ಪ್ರವಾದಿಯಲ್ಲ, ಪರದೇಶದ ಈ ನಾವಿಕರು.

ಯೋನನನ್ನು ನುಂಗಲು ಮೀನನ್ನು ದೇವರು ನೇಮಿಸಿದರು ಎಂಬಲ್ಲಿ ಒಂದು ಹೀಬ್ರೂ ಕ್ರಿಯಾಪದವಿದೆ. ಮುಂದೆ ಗಿಡಕ್ಕೆ, ಹುಳಕ್ಕೆ, ಬಿಸಿಗಾಳಿಗೆ ಕೂಡ ಅದೇ ಪದ ಬರುತ್ತದೆ. ದೇವರ ಸಾರ್ವಭೌಮತ್ವ ಎಂಬ ದೊಡ್ಡ ಮಾತನ್ನು ಕಥೆ ಹೇಳುವುದು ಹೀಗೆ: ಹುಳ ಸಹ ಹೇಳಿದಂತೆ ಕೇಳುತ್ತದೆ, ಕೇಳದವನು ಪ್ರವಾದಿಯೊಬ್ಬನೇ.

ಎರಡನೆಯ ಸಲ ಕರೆ ಬಂದಾಗ ಯೋನ ಹೋದ. ನಲವತ್ತು ದಿನಗಳಲ್ಲಿ ಊರು ನಾಶವಾಗುವುದೆಂದು ಸಾರಿದ. ಜನರು ನಂಬಿದರು, ಅರಸನೂ ಸಿಂಹಾಸನದಿಂದಿಳಿದು ಗೋಣಿತಟ್ಟು ಹೊದ್ದು ಬೂದಿಯಲ್ಲಿ ಕುಳಿತ. ದನಕುರಿಗಳಿಗೂ ಉಪವಾಸ! ದೇವರು ಕ್ಷಮಿಸಿದರು, ಯೋನನಿಗೆ ಸಿಟ್ಟು ಬಂತು. ತಾನು ಮೊದಲು ಓಡಿಹೋದದ್ದೇಕೆ ಎಂದು ಅವನು ಹೇಳುವುದು ಇಲ್ಲಿ. ಅವನಿಗೆ ಹೆದರಿಕೆಯಿರಲಿಲ್ಲ. ದೇವರು ದಯಾಳು, ಈ ಶತ್ರುಗಳನ್ನೂ ಕ್ಷಮಿಸಿಬಿಡುವರು ಎಂದು ಅವನಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ಓಡಿದ್ದ. ದೇವರ ಪ್ರೀತಿ ತನ್ನವರಿಗೆ ಬೇಕು, ತನ್ನವರನ್ನು ತುಳಿಯುವವರಿಗೆ ಬೇಡ. ಯೋನನನ್ನು ನೋಡಿ ನಗುವುದು ಸುಲಭ; ಆದರೆ ಅವನ ನೋವು ಸುಳ್ಳಲ್ಲ ಎಂದೇ ನನಗನ್ನಿಸುತ್ತದೆ. ದೇವರು ಸಹ ಅವನನ್ನು ಗದರಿಸಲಿಲ್ಲ.

ಊರ ಹೊರಗೆ ಕುಳಿತವನಿಗೆ ನೆರಳಾಗಿ ಒಂದು ಗಿಡ ಬೆಳೆಯಿತು. ಕೆಲವರು ಅದನ್ನು ಸೋರೆಬಳ್ಳಿ ಎನ್ನುತ್ತಾರೆ, ಕೆಲವರು ಹರಳುಗಿಡ. ಮರುದಿನ ಹುಳ ಕಚ್ಚಿ ಅದು ಒಣಗಿತು. ಬಿಸಿಲಿಗೆ ತಲೆ ಸುಟ್ಟ ಯೋನ ಸಾವೇ ಮೇಲೆಂದ. ಆಗ ದೇವರು ಕೇಳಿದರು: ನೀನು ನೆಡದ, ಬೆಳೆಸದ ಗಿಡಕ್ಕಾಗಿ ನಿನಗೆ ಇಷ್ಟು ಮರುಕವಾದರೆ, ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನರಿಗಾಗಿ, ಇಷ್ಟೊಂದು ದನಕರುಗಳಿಗಾಗಿ ನನಗೆ ಮರುಕ ಬೇಡವೇ? ಪುಸ್ತಕ ಇಲ್ಲಿಗೇ ಮುಗಿಯುತ್ತದೆ. ಯೋನನ ಉತ್ತರ ಅದರಲ್ಲಿಲ್ಲ.

ಯೆಹೂದ್ಯರು ತಮ್ಮ ಪ್ರಾಯಶ್ಚಿತ್ತ ದಿನದ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಇದನ್ನು ಓದುತ್ತಾರೆ. ಕುರಾನಿನಲ್ಲಿ ಇವನೇ ಯೂನುಸ್ ಪ್ರವಾದಿ. ಕೇರಳದ ಸುರಿಯಾನಿ ಕ್ರೈಸ್ತರು ನಿನೆವೆಯ ಜನರ ನೆನಪಿಗಾಗಿ ಮೂರು ದಿನ ‘ಮೂನ್ನು ನೋಂಬು’ ಆಚರಿಸುತ್ತಾರೆ. ನಿಮ್ಮ ತರಗತಿಯಲ್ಲಿ ಅಂಥ ಮನೆಯ ಗೆಳೆಯರಿದ್ದರೆ ಕೇಳಿ ನೋಡಿ, ಇನ್ನಷ್ಟು ಹೇಳಿಯಾರು.