ಕಿಟಕಿ ಬದಲಿಸುವ ಮುನ್ನ

ಮಳೆಗಾಲದಲ್ಲಿ ಕರಾವಳಿಯ ಹಳೆಯ ಮನೆಗಳ ಮರದ ಕಿಟಕಿಗಳು ಉಬ್ಬಿ ಬಿಗಿಯುತ್ತವೆ. ‘ಹಾಳಾಯಿತು, ಅಲ್ಯೂಮಿನಿಯಂ ಹಾಕಿಸೋಣ’ ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ. ಸ್ವಲ್ಪ ತಾಳಿ. ಉಬ್ಬುವುದು ಬೇರೆ, ಕೊಳೆಯುವುದು ಬೇರೆ.

ತೇವ ಹೀರಿದ ಮರ ಅಗಲಕ್ಕೆ ಹಿಗ್ಗುತ್ತದೆ. ನಾರಿನ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಒಣಗಿದರೆ ಮತ್ತೆ ಕುಗ್ಗುತ್ತದೆ. ಆದ್ದರಿಂದ ಮಳೆಯಲ್ಲೇ ಅಂಚು ಕೀಸಿಸಿದರೆ ಬೇಸಿಗೆಯಲ್ಲಿ ಸಂದು ಬೀಳುತ್ತದೆ.

ಕೊಳೆಸುವುದು ಶಿಲೀಂಧ್ರ. ಅದು ಬೆಳೆಯಲು ಮರದಲ್ಲಿ ಸುಮಾರು ಶೇ. 20ಕ್ಕಿಂತ ಹೆಚ್ಚು ತೇವಾಂಶ ಬೇಕು. ಸ್ಕ್ರೂಡ್ರೈವರ್ ತುದಿಯಿಂದ ಚೌಕಟ್ಟಿನ ಕೆಳಮೂಲೆಗಳನ್ನು ಒತ್ತಿ ನೋಡಿ. ಗಟ್ಟಿಯಿದ್ದರೆ ಒಣಗಿದ ಮೇಲೆ ಬಣ್ಣ ಬಳಿದರೆ ಸಾಕು. ಮೂಲೆ ಮಾತ್ರ ಮೆತ್ತಗಿದ್ದರೆ ಬಡಗಿ ಅಷ್ಟನ್ನೇ ಕೊಯ್ದು ಹೊಸ ತುಂಡು ಜೋಡಿಸಬಲ್ಲರು. ಉದ್ದಕ್ಕೂ ತುದಿ ಒಳಗಿಳಿದರೆ ಮಾತ್ರ ಬದಲಿಸಿ.

ಏನೇ ಮಾಡಿದರೂ ನೀರು ಒಸರುವ ದಾರಿಯನ್ನು ಮೊದಲು ಮುಚ್ಚಿಸಿ. ಇಲ್ಲದಿದ್ದರೆ ಹೊಸ ಮರವೂ ಕೊಳೆಯುತ್ತದೆ.